ಬೋರ್ಬನ್ ಬಿಸ್ಕತ್ತಿನಲ್ಲಿ ಮದ್ಯವಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಅಚ್ಚಾದ ಪತ್ರವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಉಡುಪಿಗೆ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ದಿನಾಚರಣೆಗೆಂದು ದಾನಿಯೊಬ್ಬರು ತಂದುಕೊಟ್ಟಿದ್ದ ಬೋರ್ಬನ್ ಬಿಸ್ಕತ್ತಿನ ಪೊಟ್ಟಣಗಳನ್ನು ಹಂಚದೆ ತಡೆಹಿಡಿದು, ಬದಲಿಗೆ ಮಾರಿ ಬಿಸ್ಕತ್ತು ತರಿಸಿ ಕೊಟ್ಟವರನ್ನು ಆ ಪತ್ರದಲ್ಲಿ ಅಭಿನಂದಿಸಲಾಗಿತ್ತು. ಇಂಗ್ಲಿಷಿನಲ್ಲಿ ಬೋರ್ಬನ್ನಿನ ಅಕ್ಷರಗಳಲ್ಲೇ ಬರೆಯುವ ಬರ್ಬನ್ ಎಂದರೆ ಅಮೆರಿಕದ ಒಂದು ಬಗೆಯ ವಿಸ್ಕಿ ಎಂದು ಇಂಗ್ಲಿಷ್ ನಿಘಂಟಿನಲ್ಲಿಯೇ ಇರುವುದರಿಂದ, ಆ ಹೆಸರಿನ ತಿಂಡಿಯನ್ನು ಎಳೆಯರ ಕೈಗೆ ಕೊಡುವುದು ಮದ್ಯದ ಹೆಸರನ್ನು ಅವರ ನಾಲಿಗೆಗೆ ಅಂಟಿಸಿದಂತೆ ಎಂಬುದು ಪತ್ರ ಬರೆದವರ ವಾದ. ಅವರ ಕಾಳಜಿ ಪ್ರಾಮಾಣಿಕವಾದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರು ನಿಘಂಟನ್ನು ತೆರೆದು ಒಂದು ಅರ್ಥವನ್ನು ಓದಿ ಮುಚ್ಚಿದ್ದಾರೆ. ಅದರ ಕೆಳಗಿದ್ದ ಅರ್ಥಗಳನ್ನು ಓದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವನಾಗಿ ಇದನ್ನು ತಿದ್ದದೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ಅವರ ಅನುಮಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮದ್ಯದ ಜಾಹೀರಾತಿಗೆ ನಿರ್ಬಂಧ ಬಂದ ಮೇಲೆ ಮದ್ಯದ ಹೆಸರುಗಳೇ ಸೋಡಾ ಬಾಟಲಿಯ ಮೇಲೂ ಕುಡಿಯುವ ನೀರಿನ ಬಾಟಲಿಯ ಮೇಲೂ ಕಾಣಿಸಿಕೊಂಡದ್ದನ್ನು ನಾವೆಲ್ಲರೂ ನೋಡಿದ್ದೇವೆ. ಹಾಗೆ ನೋಡಿದ ಕಣ್ಣಿಗೆ ಬಿಸ್ಕತ್ತಿನ ಮೇಲಿನ ಈ ಹೆಸರೂ ಅದೇ ಜಾತಿಯದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಸೋಡಾದ ಸಂಗತಿಯಲ್ಲಿ ಹೆಸರು ಮದ್ಯದಿಂದ ಸೋಡಾಕ್ಕೆ ಹೋಗಿದೆ. ಇಲ್ಲಿ ಬಿಸ್ಕತ್ತಿಗೂ ವಿಸ್ಕಿಗೂ ಹೆಸರು ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಕಾಲದಲ್ಲಿ ಬಂದು ಸೇರಿದೆ. ಒಂದು ಇನ್ನೊಂದರಿಂದ ಪಡೆದದ್ದಲ್ಲ.

ಹೊರಗಿನವರಿಗೆ ಇದನ್ನು ವಿವರಿಸಬೇಕಾಗಬಹುದೇ ಹೊರತು ಕರಾವಳಿಯವರಿಗೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ನಮ್ಮಲ್ಲಿ ಬೊಂಡ ಎಂದರೆ ಎಳನೀರು. ಬೆಂಗಳೂರಿನ ನಂಟರು ಬಂದಾಗ ಬಾಯಾರಿಕೆಗೆ ಬೊಂಡ ಕುಡಿಯೋಣವೇ ಎಂದು ಕೇಳಿದರೆ, ಎಣ್ಣೆಯಲ್ಲಿ ಕರಿದ ತಿಂಡಿಯನ್ನು ಕುಡಿಯುವುದು ಹೇಗೆಂದು ಅವರು ಮುಖ ನೋಡುತ್ತಾರೆ. ನಮ್ಮ ಬೊಂಡಕ್ಕೂ ಅವರ ಬೋಂಡಾಕ್ಕೂ ನಡುವೆ ಇರುವುದು ಎರಡು ದೀರ್ಘಗಳ ಅಂತರ; ವಸ್ತುಗಳ ನಡುವೆ ಇರುವುದು ಅಡುಗೆಮನೆಗೂ ತೆಂಗಿನ ತೋಟಕ್ಕೂ ಇರುವ ಅಂತರ. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೇ ಹೊರಬಂದದ್ದು. ಅಂಥ ಕೆಲಸ ನಡೆದ ಸೀಮೆಯಲ್ಲಿ ನಿಘಂಟನ್ನು ಮುಂದಿಟ್ಟು ವಾದ ಮಾಡುವವರಿರುವುದು ಸಂತೋಷವೇ. ಆದರೆ ನಿಘಂಟುಕಾರರು ಒಂದೇ ಪದದ ಅರ್ಥಗಳನ್ನು ಬಿಡಿಬಿಡಿಯಾಗಿ ಕೊಡುವುದು ನಾವು ಅವುಗಳಲ್ಲಿ ಸಂದರ್ಭಕ್ಕೆ ಒಪ್ಪುವುದನ್ನು ಆರಿಸಿಕೊಳ್ಳಲಿ ಎಂದು.

ಬಿಸ್ಕತ್ತಿನ ಜಾತಕವನ್ನು ಹೇಳುತ್ತೇನೆ. ಲಂಡನ್ನಿನ ಬರ್ಮಂಡ್ಸೆ ಎಂಬಲ್ಲಿ ಪೀಕ್ ಫ್ರೀನ್ ಎಂಬ ಬಿಸ್ಕತ್ತು ತಯಾರಕರಿದ್ದರು. 1857ರಲ್ಲಿ ಆರಂಭವಾದ ಆ ಸಂಸ್ಥೆ 1910ರಲ್ಲಿ ಎರಡು ಉದ್ದನೆಯ ಕೋಕೋ ಬಿಸ್ಕತ್ತುಗಳ ನಡುವೆ ಚಾಕೊಲೆಟ್ ಕ್ರೀಮ್ ಇಟ್ಟ ಹೊಸ ತಿಂಡಿಯೊಂದನ್ನು ಕ್ರಿಯೋಲಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಮುಂದೆ ಬೋರ್ಬನ್ ಆಯಿತು. ಫ್ರಾನ್ಸನ್ನು ಆಳಿದ ರಾಜವಂಶವೊಂದರ ಹೆಸರು ಅದು. ರಾಜಮನೆತನಗಳ ಹೆಸರನ್ನು ತಿಂಡಿಗೆ ಇಡುವುದು ಆ ಸಂಸ್ಥೆಗೆ ಹೊಸದಾಗಿರಲಿಲ್ಲ. 1874ರಲ್ಲಿ ರಷ್ಯಾದ ಚಕ್ರವರ್ತಿಯ ಮಗಳು ಮರಿಯಾ ಅಲೆಕ್ಸಾಂಡ್ರೊವ್ನಾ ಇಂಗ್ಲೆಂಡಿನ ರಾಣಿಯ ಮಗನನ್ನು ಮದುವೆಯಾದಾಗ, ಆ ಸಂಭ್ರಮದ ನೆನಪಿಗೆ ಪೀಕ್ ಫ್ರೀನ್‌ನವರು ಇನ್ನೊಂದು ಬಿಸ್ಕತ್ತನ್ನು ತಯಾರಿಸಿದ್ದರು. ಅದೇ ಮಾರಿ ಬಿಸ್ಕತ್ತು. ಶಾಲೆಯವರು ಬೋರ್ಬನ್ ತೆಗೆದಿಟ್ಟು ಮಕ್ಕಳಿಗೆ ಕೊಟ್ಟದ್ದು ಅದೇ ಕಾರ್ಖಾನೆಯಲ್ಲಿ ಹುಟ್ಟಿದ ಅಕ್ಕನನ್ನು! ಹೆಸರಿನ ಸದ್ದನ್ನೇ ಹಿಡಿದು ನಿರ್ಧಾರಕ್ಕೆ ಬರುವುದಾದರೆ, ಮಾರಿ ಬಿಸ್ಕತ್ತಿಗೂ ಕಾಪುವಿನ ಸುಗ್ಗಿ ಮಾರಿಪೂಜೆಗೂ ನಂಟಿದೆಯೆಂದು ಯಾರಾದರೂ ಹೇಳಿದರೆ ನಾವು ಅದನ್ನೂ ಒಪ್ಪಬೇಕಾಗುತ್ತದೆ.

ನಮ್ಮ ದೇಶದಲ್ಲಿ ಬ್ರಿಟಾನಿಯಾದವರೂ ಬೋರ್ಬನ್ ಮಾಡುತ್ತಾರೆ, ಪಾರ್ಲೆಯವರೂ ಮಾಡುತ್ತಾರೆ. ಮಸಾಲೆದೋಸೆ ಹೇಗೆ ಯಾವ ಒಂದು ಹೋಟೆಲಿನ ಸ್ವತ್ತೂ ಅಲ್ಲವೋ ಹಾಗೆಯೇ ಬೋರ್ಬನ್ ಎಂಬುದು ಇಂದು ಬಿಸ್ಕತ್ತಿನ ಒಂದು ಬಗೆಯ ಹೆಸರು. ಪೊಟ್ಟಣದ ಹಿಂಬದಿಯನ್ನು ತಿರುಗಿಸಿ ಓದಿದರೆ ಗೋಧಿ ಹಿಟ್ಟು, ಸಕ್ಕರೆ, ತಾಳೆ ಎಣ್ಣೆ, ಕೋಕೋ ಪುಡಿ, ಉಪ್ಪು, ಉಬ್ಬಿಸುವ ಪುಡಿಗಳು ಇತ್ಯಾದಿ ಇರುತ್ತವೆ; ಮದ್ಯದ ಸುಳಿವಿಲ್ಲ. ಮೇಲ್ಭಾಗದಲ್ಲಿ ಸಾಲಾಗಿ ಕಾಣುವ ತೂತುಗಳು ಬೇಯುವಾಗ ಒಳಗಿನ ಹಬೆ ಹೊರಹೋಗಿ ಬಿಸ್ಕತ್ತು ಉಬ್ಬಿ ಒಡೆಯದಿರಲೆಂದು ಚುಚ್ಚಿದವು. ನನ್ನ ವಿದ್ಯಾರ್ಥಿಗಳು ಎರಡು ಪದರವನ್ನು ಬಿಡಿಸಿ ಮೊದಲು ಕ್ರೀಮನ್ನು ನೆಕ್ಕಿ, ಬಳಿಕ ಆ ತೂತುಗಳನ್ನು ಎಣಿಸುತ್ತ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದುದನ್ನು ಕಂಡಿದ್ದೇನೆ. ಅದರಿಂದ ಹಲ್ಲಿಗೆ ಕೇಡಾದೀತು ಎಂದು ಪತ್ರಲೇಖಕರು ಬರೆದಿದ್ದರೆ ನಾನು ಅವರ ಪಕ್ಷವನ್ನೇ ವಹಿಸುತ್ತಿದ್ದೆ.

ಇನ್ನು ವಿಸ್ಕಿಯ ಸಂಗತಿ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಫ್ರಾನ್ಸಿನ ದೊರೆ ಬ್ರಿಟಿಷರ ವಿರುದ್ಧ ನೆರವಾದುದಕ್ಕೆ ಕೃತಜ್ಞತೆಯಿಂದ ಅಲ್ಲಿನವರು ಹಲವು ಊರುಗಳಿಗೆ ಫ್ರೆಂಚ್ ಹೆಸರುಗಳನ್ನಿಟ್ಟರು. ಲೂಯಿವಿಲ್ ನಗರದ ಹೆಸರು ಹದಿನಾರನೆಯ ಲೂಯಿಯದು. 1785ರಲ್ಲಿ ರಚನೆಯಾದ, ಇಂದು ಕೆಂಟಕಿ ರಾಜ್ಯದಲ್ಲಿರುವ ಬರ್ಬನ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಅವನ ವಂಶದ ಹೆಸರು ಬಂತು. ಆ ಕೌಂಟಿಯ ಮುಖ್ಯ ಪಟ್ಟಣಕ್ಕಂತೂ ಪ್ಯಾರಿಸ್ ಎಂದೇ ಹೆಸರಾಯಿತು. ಅಲ್ಲಿನ ಸೀಮೆಯಲ್ಲಿ ಮೆಕ್ಕೆಜೋಳದಿಂದ ಬಟ್ಟಿ ಇಳಿಸಿದ ವಿಸ್ಕಿಗೆ ಆ ಕೌಂಟಿಯ ಹೆಸರು ಬಂತೆಂದು ಒಂದು ಪಕ್ಷ. ಕೆಂಟಕಿಯ ಪೀಪಾಯಿಗಳು ನದಿ ದಾರಿಯಲ್ಲಿ ಇಳಿದು ಬಿಕರಿಯಾಗುತ್ತಿದ್ದ ನ್ಯೂ ಆರ್ಲಿಯನ್ಸ್ ನಗರದ ಬರ್ಬನ್ ಬೀದಿಯಿಂದ ಬಂತೆಂದು ಇನ್ನೊಂದು ಪಕ್ಷ. ಬೀದಿಗೂ ಹೆಸರು ಬಂದದ್ದು ಅದೇ ರಾಜವಂಶದಿಂದಾದ್ದರಿಂದ ಯಾವ ಪಕ್ಷ ಗೆದ್ದರೂ ನಮ್ಮ ಬಿಸ್ಕತ್ತಿಗೆ ನಷ್ಟವಿಲ್ಲ. ಆ ಮದ್ಯಕ್ಕೆ ಅಮೆರಿಕದ ಕಾನೂನು ಬಿಗಿಯಾದ ವ್ಯಾಖ್ಯೆಯನ್ನು ಕೊಟ್ಟಿದೆ: ಧಾನ್ಯದ ಮಿಶ್ರಣದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳವಿರಬೇಕು, ಒಳಗೋಡೆಯನ್ನು ಸುಟ್ಟು ಕರಿಕಾಗಿಸಿದ ಹೊಸ ಓಕ್ ಮರದ ಪೀಪಾಯಿಯಲ್ಲಿ ಅದನ್ನು ಇಡಬೇಕು. 1964ರಲ್ಲಿ ಅಲ್ಲಿನ ಸಂಸತ್ತು ಅದನ್ನು ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು. ಇವುಗಳಲ್ಲಿ ಒಂದು ನಿಯಮವನ್ನೂ ಪಾಲಿಸದ ಗೋಧಿಹಿಟ್ಟಿನ ಬಿಸ್ಕತ್ತು ಹೇಗೆ ಆ ಪಂಕ್ತಿಗೆ ಬಂದು ಕುಳಿತೀತು?

ಆ ರಾಜವಂಶಕ್ಕಾದರೂ ಹೆಸರು ಎಲ್ಲಿಂದ ಬಂತು ಎಂದರೆ, ಫ್ರಾನ್ಸಿನ ನಡುನಾಡಿನಲ್ಲಿರುವ ಬೂರ್ಬಾನ್ ಲಾರ್ಶಾಂಬೋ ಎಂಬ ಊರಿನಿಂದ. ನಮ್ಮ ಬೋರ್ಬನ್ ಫ್ರೆಂಚರ ಬಾಯಲ್ಲಿ ಬೂರ್ಬಾನ್. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಬುಗ್ಗೆಗಳಿಗೆ ಅಧಿದೇವತೆಯೆಂದು ಪ್ರಾಚೀನ ಗಾಲ್ ಜನರು ಪೂಜಿಸುತ್ತಿದ್ದ ಬೋರ್ವೋ ಎಂಬ ದೈವದ ಹೆಸರೇ ಊರಿಗೆ ಬಂತೆಂದು ವಿದ್ವಾಂಸರು ಹೇಳುತ್ತಾರೆ. ನೆಲದಿಂದ ಗುಳುಗುಳು ಉಕ್ಕುವ ನೀರಿನಿಂದ ದೈವಕ್ಕೆ, ದೈವದಿಂದ ಊರಿಗೆ, ಊರಿನಿಂದ ಒಡೆಯರಿಗೆ ಹೆಸರು ಹೋಯಿತು. ಆ ಒಡೆಯರ ವಂಶದ ನಾಲ್ಕನೆಯ ಹೆನ್ರಿ 1589ರಲ್ಲಿ ಫ್ರಾನ್ಸಿನ ಸಿಂಹಾಸನವನ್ನೇರಿದ. ಕ್ರಾಂತಿಯ ಕಾಲದಲ್ಲಿ, 1793ರ ಜನವರಿಯಲ್ಲಿ, ಹದಿನಾರನೆಯ ಲೂಯಿಯ ತಲೆ ಹೋಯಿತು. ಬಳಿಕ ಮರಳಿ ಬಂದ ಅವನ ತಮ್ಮಂದಿರು 1830ರವರೆಗೆ ಆಳಿದರೂ ಕಾಲ ಬದಲಾದದ್ದನ್ನು ಅರಿಯಲಿಲ್ಲ ಎಂಬ ಆಕ್ಷೇಪಕ್ಕೆ ಗುರಿಯಾದರು. ಹೀಗಾಗಿ ಇಂಗ್ಲಿಷಿನಲ್ಲಿ ಹಟಮಾರಿ ಸಂಪ್ರದಾಯವಾದಿ ರಾಜಕಾರಣಿಗೂ ಈ ಪದವನ್ನು ಬಳಸುವುದುಂಟು. ಸ್ಪೇನಿನ ಈಗಿನ ದೊರೆಯೂ ಇದೇ ವಂಶದವರು. ಊರ ಹೆಸರು ಊರನ್ನು ಬಿಟ್ಟು ತಿರುಗುವುದು ನಮಗೇನೂ ಅಪರಿಚಿತವಲ್ಲ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಉಡುಪಿ ಎಂದರೆ ಕೃಷ್ಣಮಠವಿರುವ ಊರಿಗಿಂತ ಮೊದಲು ಇಡ್ಲಿ ಸಾಂಬಾರಿನ ಹೋಟೆಲು ನೆನಪಾಗುತ್ತದೆ.

ಈ ಪದಕ್ಕೂ ನನಗೂ ಬಿಸ್ಕತ್ತಿನ ಆಚೆಗೆ ಒಂದು ನಂಟಿದೆ. ಪತ್ರ ಬರೆಯಲು ಕುಳಿತದ್ದಕ್ಕೆ ಅದೂ ಒಂದು ಕಾರಣ. ಕಾರ್ಕಳ ತಾಲೂಕಿನಲ್ಲಿರುವ ನಮ್ಮ ಹಿರಿಯರ ಅಡಕೆ ತೋಟದಲ್ಲಿ, ಎರಡು ಸಾವಿರದ ಇಸವಿಯ ಆಚೀಚೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಹಬ್ಬಿದ ಆ ಹುರುಪಿನ ದಿನಗಳಲ್ಲಿ, ನಾವೂ ವೆನಿಲ್ಲಾ ಬಳ್ಳಿಯನ್ನು ಗೊಬ್ಬರದ ಗಿಡಕ್ಕೆ ಹಬ್ಬಿಸಿದ್ದೆವು. ಕೃಷಿ ತರಬೇತಿಗೆ ಹೋಗಿದ್ದಾಗ ಆ ಬಳ್ಳಿಯ ಕಾಯನ್ನು, ಅಂದರೆ ಕೋಡನ್ನು, ಹದಗೊಳಿಸುವ ಬೋರ್ಬನ್ ಪದ್ಧತಿ ಎಂದು ಉಪನ್ಯಾಸಕರು ಹೇಳಿದ ಕೂಡಲೇ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಕೃಷಿಕರೊಬ್ಬರು ಇದನ್ನು ಬಿಸ್ಕತ್ತು ಮಾಡುವವರು ಕಂಡುಹಿಡಿದದ್ದೋ ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಆಗ ನನಗೂ ತಿಳಿದಿರಲಿಲ್ಲ.

ಉತ್ತರ ಇರುವುದು ಹಿಂದೂ ಮಹಾಸಾಗರದಲ್ಲಿ. ಮಡಗಾಸ್ಕರಿನ ಪೂರ್ವಕ್ಕೆ ಇಂದು ರಿಯೂನಿಯನ್ ಎಂದು ಕರೆಯುವ ದ್ವೀಪಕ್ಕೆ 1649ರಲ್ಲಿ ಫ್ರೆಂಚರು ತಮ್ಮ ರಾಜವಂಶದ ಹೆಸರಿಟ್ಟು ಬೂರ್ಬಾನ್ ದ್ವೀಪವೆಂದು ಕರೆದರು. ರಾಜನ ತಲೆ ಹೋದ 1793ರಲ್ಲಿ ದ್ವೀಪದ ಹೆಸರೂ ಹೋಯಿತು. ಮುಂದೆ ಕೆಲವು ವರ್ಷ ಅದು ನೆಪೋಲಿಯನ್ ಬೋನಾಪಾರ್ಟನ ಹೆಸರನ್ನು ಹೊತ್ತು, ಬ್ರಿಟಿಷರು ಹಿಡಿದ ಮೇಲೆ ಮತ್ತೆ ಬೂರ್ಬಾನ್ ಆಗಿ, 1848ರಲ್ಲಿ ಕೊನೆಗೂ ರಿಯೂನಿಯನ್ ಎಂದು ನಿಂತಿತು. ಆ ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೆನಿಲ್ಲಾ ಬಳ್ಳಿಯನ್ನು ತಂದರು. ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು, ಕೋಡು ಮಾತ್ರ ಕಟ್ಟಲಿಲ್ಲ. ಅದರ ತವರಾದ ಮೆಕ್ಸಿಕೋದಲ್ಲಿ ಪರಾಗಸ್ಪರ್ಶ ಮಾಡುವ ಜೇನ್ನೊಣಗಳು ದ್ವೀಪದಲ್ಲಿರಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಇರುವ ತೆಳುವಾದ ಪೊರೆಯನ್ನು ಸಣ್ಣ ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿಬಿಡುವ ಉಪಾಯವನ್ನು ಕಂಡುಕೊಂಡ. ಇಂದಿಗೂ ಜಗತ್ತಿನ ತೋಟಗಳಲ್ಲಿ ವೆನಿಲ್ಲಾ ಕೋಡು ಕಟ್ಟುವುದು ಬಹುಮಟ್ಟಿಗೆ ಆ ಹುಡುಗನ ಉಪಾಯದಿಂದಲೇ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಆಲ್ಬಿಯಸ್ ಎಂಬ ಕುಲನಾಮ ಸಿಕ್ಕಿತು. ಅವನ ಕೈಚಳಕದಿಂದ ದ್ವೀಪದ ತೋಟಗಾರರು ಶ್ರೀಮಂತರಾದರು. ಅವನು ಮಾತ್ರ 1880ರಲ್ಲಿ ಬಡತನದಲ್ಲಿಯೇ ಸತ್ತ. ಮಡಗಾಸ್ಕರ್ ಮತ್ತು ಸುತ್ತಲಿನ ದ್ವೀಪಗಳ ವೆನಿಲ್ಲಾವನ್ನು ವ್ಯಾಪಾರಿಗಳು ಇಂದಿಗೂ ಬೂರ್ಬಾನ್ ವೆನಿಲ್ಲಾ ಎಂದೇ ಮಾರುತ್ತಾರೆ. ದೊರೆಗಳ ಹೆಸರು ಉಳಿಯಿತು, ಹುಡುಗನ ಹೆಸರು ಯಾವ ಡಬ್ಬಿಯ ಮೇಲೂ ಬರಲಿಲ್ಲ.

ನಮ್ಮ ತೋಟದಲ್ಲಿ ಆ ಕೆಲಸವನ್ನು ಮಾಡುತ್ತಿದ್ದವರು ನನ್ನ ತಾಯಿ ಮತ್ತು ನೆರೆಮನೆಯ ಇಬ್ಬರು ಹೆಂಗಸರು. ಹೂ ಅರಳುವುದು ಬೆಳಗಿನ ಜಾವ. ಬಿಸಿಲೇರಿದರೆ ಕೆಲಸ ಕೆಟ್ಟಿತು. ಹಿಡಿಸೂಡಿಯ ಕಡ್ಡಿಯ ತುದಿಯನ್ನು ನಯಗೊಳಿಸಿ, ಗೊಂಚಲಿನಲ್ಲಿ ಆ ದಿನ ಅರಳಿದ ಹೂವನ್ನು ಹುಡುಕಿ ಹುಡುಕಿ ಅವರು ಮುಟ್ಟಿಸುತ್ತಿದ್ದರು. ಕೋಡು ಬಲಿಯಲು ಎಂಟು ಒಂಬತ್ತು ತಿಂಗಳು ಹಿಡಿಯುತ್ತಿತ್ತು. ಬಲಿತ ಕೋಡನ್ನು ಕುದಿಯದ, ಸುಮಾರು 63ರಿಂದ 65 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆದು, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಕ್ಕೆ ಕೆಲವು ಗಂಟೆ ಬಿಸಿಲು ತೋರಿಸಿ, ಮತ್ತೆ ಸುತ್ತಿಟ್ಟು, ನೆರಳಿನಲ್ಲಿ ಒಣಗಿಸಿ, ಕೊನೆಗೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಕು. ಐದಾರು ಕಿಲೋ ಹಸಿ ಕೋಡಿನಿಂದ ಒಂದು ಕಿಲೋ ಕರಿಯ, ಮೆದುವಾದ, ಘಮಘಮಿಸುವ ಕೋಡು ಸಿಗುತ್ತದೆ. ಇದೇ ಬೋರ್ಬನ್ ಪದ್ಧತಿ. ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಇದ್ದ ದಿನಗಳಲ್ಲಿ ಕಳ್ಳರ ಭಯದಿಂದ ರಾತ್ರಿ ತೋಟದಲ್ಲಿ ಲಾಟೀನು ಹಿಡಿದು ನಾವು ಸರದಿಯಂತೆ ಕಾವಲು ಕಾದದ್ದೂ ಉಂಟು. ಎರಡೇ ವರ್ಷದಲ್ಲಿ ಬೆಲೆ ಪಾತಾಳಕ್ಕಿಳಿದು, ಕೂಲಿಯೂ ಹುಟ್ಟದಂತಾಗಿ, ಬಳ್ಳಿಗಳನ್ನು ಬುಡದಿಂದ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು. ಅಮ್ಮ ಒಂದಷ್ಟು ಕೋಡನ್ನು ಸೀರೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದಾಗ ಅದರ ಪರಿಮಳ ಇನ್ನೂ ಇತ್ತು.

ಈ ವೆನಿಲ್ಲಾದ ಸಂಗತಿಯಲ್ಲಿಯೇ ಪತ್ರಲೇಖಕರು ಗಮನಿಸಬೇಕಾದ ಒಂದು ಅಂಶವಿದೆ. ಅಪ್ಪಟ ಕೋಡಿನಿಂದ ತೆಗೆದ ವೆನಿಲ್ಲಾ ಸಾರವನ್ನು ಮದ್ಯಸಾರದಲ್ಲಿಯೇ ಇಳಿಸುತ್ತಾರೆ. ಅಮೆರಿಕದ ನಿಯಮದಂತೆ ಆ ಹೆಸರಿನಲ್ಲಿ ಮಾರುವ ದ್ರವದಲ್ಲಿ ಶೇಕಡಾ 35ಕ್ಕಿಂತ ಕಡಿಮೆ ಮದ್ಯಸಾರ ಇರುವಂತಿಲ್ಲ. ಕೇಕಿಗೆ ಹಾಕುವುದು ಒಂದು ಚಮಚವಾದ್ದರಿಂದ ಯಾರೂ ಅದನ್ನು ಕೇಡೆಂದು ಎಣಿಸುವುದಿಲ್ಲ. ಮಂಗಳೂರಿನ ಕ್ರೈಸ್ತ ಬಂಧುಗಳ ಮನೆಯಲ್ಲಿ ಹಬ್ಬಕ್ಕೆ ಮಾಡುವ, ಇಡ್ಲಿಯಂಥ ಸನ್ನಣದ ಹಿಟ್ಟನ್ನು ಹುಳಿಯಿಸಿ ಉಬ್ಬಿಸಲು ಸಾಂಪ್ರದಾಯಿಕವಾಗಿ ಬಳಸುವುದು ಶೇಂದಿಯನ್ನು. ಕ್ರಿಸ್ಮಸ್ಸಿನ ಪ್ಲಮ್ ಕೇಕಿಗೆ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಹಾಕುವುದೂ ಹಲವರಿಗೆ ತಿಳಿದ ಮಾತೇ. ಸನ್ನಣವೆಂಬ ಹೆಸರಿನಲ್ಲಿ ಶೇಂದಿಯ ಸುಳಿವಿಲ್ಲ, ಪ್ಲಮ್ ಕೇಕಿನ ಹೆಸರಿನಲ್ಲಿ ರಮ್ಮಿಲ್ಲ. ಹೆಸರನ್ನು ನೋಡಿಯೇ ತಡೆಯುವ ಕಾವಲುಗಾರ ಇವೆರಡನ್ನೂ ಒಳಗೆ ಬಿಟ್ಟು ಬೋರ್ಬನ್ನನ್ನು ಹೊರಗೆ ನಿಲ್ಲಿಸುತ್ತಾನೆ. ನಾನು ಸನ್ನಣವನ್ನಾಗಲಿ ಕೇಕನ್ನಾಗಲಿ ದೂರುತ್ತಿಲ್ಲ. ಎರಡನ್ನೂ ನೆರೆಯವರ ಪ್ರೀತಿಯಿಂದ ಪಡೆದು ತಿಂದವನು ನಾನು.

ಆ ದ್ವೀಪದ ಹೆಸರು ಕಾಫಿಗೂ ಗುಲಾಬಿಗೂ ಅಂಟಿದೆ. ಯೆಮನ್ನಿನಿಂದ ಫ್ರೆಂಚರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಲ್ಲಿಗೊಯ್ದು ನೆಟ್ಟ ಅರೇಬಿಕಾದ ತಳಿಯೊಂದು ಬೂರ್ಬಾನ್ ಕಾಫಿ. ಬಾಬಾ ಬುಡನ್ ಅವರು ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂದು ಹೇಳುವ ಏಳು ಬೀಜಗಳೂ ಅದೇ ಯೆಮನ್ನಿನವು. ಗುಲಾಬಿಯ ವಿಚಾರವನ್ನು ಹೂ ಬೆಳೆಯುವವರಿಗೆ ಬಿಡುತ್ತೇನೆ.

ಕೊನೆಯದಾಗಿ ನನ್ನ ತಪ್ಪೊಂದನ್ನು ಹೇಳಿಕೊಂಡು ನಿಮ್ಮಲ್ಲಿ ಒಂದು ಕೋರಿಕೆಯನ್ನು ಇಡುತ್ತೇನೆ. ತರಗತಿಯಲ್ಲಿ ಮಕ್ಕಳು ಬೋರ್ಬನ್ ಬಿಸ್ಕತ್ತು ಎಂದಾಗಲೆಲ್ಲ ನಾನು ಅದನ್ನು ಬರ್ಬನ್ ಎಂದು ತಿದ್ದುತ್ತಿದ್ದೆ. ಅಕ್ಷರಗಳನ್ನು ಒಂದೊಂದಾಗಿ ಓದಿ ಹಳ್ಳಿಯ ಮಕ್ಕಳು ಹಾಗೆ ಹೇಳುತ್ತಾರೆಂದು ನನ್ನ ಎಣಿಕೆಯಾಗಿತ್ತು. ಉಚ್ಚಾರಣೆಯ ನಿಘಂಟನ್ನು ಸಾವಧಾನದಿಂದ ನೋಡಿದ ದಿನ ನನಗೆ ನಾಚಿಕೆಯಾಯಿತು. ಬ್ರಿಟಿಷರ ಇಂಗ್ಲಿಷಿನಲ್ಲಿ ವಿಸ್ಕಿಗೆ ಮಾತ್ರ ಬರ್ಬನ್ ಎಂಬ ಉಚ್ಚಾರ. ಬಿಸ್ಕತ್ತನ್ನೂ ರಾಜವಂಶವನ್ನೂ ಹೇಳುವಾಗ ಮೊದಲ ಸ್ವರ ಊಕಾರಕ್ಕೋ ಓಕಾರಕ್ಕೋ ಹತ್ತಿರವಿರುತ್ತದೆ. ಮಕ್ಕಳೇ ಸರಿಯಾಗಿದ್ದರು. ಇಂಗ್ಲಿಷಿನ ಬರವಣಿಗೆ ಈ ಎರಡನ್ನೂ ಒಂದೇ ವೇಷದಲ್ಲಿ ನಿಲ್ಲಿಸಿದರೂ ಕೇಳಿದಂತೆ ಬರೆಯುವ ನಮ್ಮ ಲಿಪಿ ಅವನ್ನು ಬೇರ್ಪಡಿಸಿ ತೋರಿಸಬಲ್ಲದು. ನಿಮ್ಮ ಪತ್ರಿಕೆಯಲ್ಲಿ ಒಮ್ಮೆ ಬೌರ್ಬನ್, ಇನ್ನೊಮ್ಮೆ ಬರ್ಬಾನ್, ಮತ್ತೊಮ್ಮೆ ಬರ್ಬನ್ ಎಂದು ಬಿಸ್ಕತ್ತಿಗೂ ಮದ್ಯಕ್ಕೂ ಬೆರಕೆಯಾಗಿ ಅಚ್ಚಾಗುತ್ತಿರುವುದನ್ನು ಕಂಡಿದ್ದೇನೆ. ಇನ್ನು ಮುಂದೆ ಬಿಸ್ಕತ್ತನ್ನು ಬೋರ್ಬನ್ ಎಂದೂ ಮದ್ಯವನ್ನು ಬರ್ಬನ್ ವಿಸ್ಕಿ ಎಂದೂ ಬರೆಯುವ ಕ್ರಮವನ್ನು ನಿಮ್ಮ ಸಂಪಾದಕ ವರ್ಗ ಇಟ್ಟುಕೊಂಡರೆ, ಕಳೆದ ವಾರದಂಥ ಪತ್ರಕ್ಕೆ ಎಡೆ ಕಡಿಮೆಯಾದೀತು.

ಆ ಶಾಲೆಯಲ್ಲಿ ತಡೆಹಿಡಿದ ಪೊಟ್ಟಣಗಳು ಇನ್ನೂ ಕಚೇರಿಯ ಕಪಾಟಿನಲ್ಲಿಯೇ ಇವೆಯೆಂದು ಅಲ್ಲಿ ಓದುತ್ತಿರುವ ಮಗುವೊಂದರ ಅಜ್ಜ ನನಗೆ ಹೇಳಿದರು. ಹೊದಿಕೆಯ ಮೇಲೆ ಬರೆದ ಅವಧಿ ಮುಗಿಯುವ ಮುನ್ನ ಅವನ್ನು ಮಕ್ಕಳಿಗೆ ಹಂಚಬೇಕೆಂದು ಶಾಲೆಯವರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ,
ಕುಂಜಿಬೆಟ್ಟು, ಉಡುಪಿ